ಬಸ್ ಇಳಿದಲ್ಲೇ ಮನೆ ಮಾಡಬೇಕೇ?

ಕೋರ್ಸ್ ಯಾವುದು, ಕಾಲೇಜು ಯಾವುದು, ಕಂಪನಿ ಯಾವುದು ಎಂದು ನಮ್ಮ ಮನೆಗಳಲ್ಲಿ ವರ್ಷಗಟ್ಟಲೆ ಚರ್ಚೆ ನಡೆಯುತ್ತದೆ. ಸಿಇಟಿ ಫಲಿತಾಂಶ ಬಂದ ದಿನ ಸೋದರಮಾವನಿಂದ ಹಿಡಿದು ಟ್ಯೂಷನ್ ಸರ್ ತನಕ ಎಲ್ಲರೂ ಸಲಹೆ ಕೊಡುತ್ತಾರೆ. ಆದರೆ ಪದವಿ ಮುಗಿಸಿ ಬೆಂಗಳೂರಿಗೆ ಹೊರಟಾಗ, ಅಲ್ಲಿ ಯಾವ ಬಡಾವಣೆಯಲ್ಲಿ ಇರಬೇಕು ಎಂಬ ಪ್ರಶ್ನೆ ಒಂದೇ ಫೋನ್ ಕರೆಯಲ್ಲಿ ಮುಗಿದುಹೋಗುತ್ತದೆ. ‘ಅಣ್ಣಾ, ನಿಮ್ಮ ರೂಮಿನ್ಯಾಗ ಜಾಗಾ ಐತೇನ್ರಿ?’ ‘ಬಾರೋ ತಮ್ಮಾ, ಒಂದ್ ಹಾಸಗಿ ಹೆಚ್ಚಿಗಿ ಹಾಕಿದ್ರಾತು.’ ಅಷ್ಟೇ. ಮುಂದಿನ ಎರಡು–ಮೂರು ವರ್ಷ ನಾವು ಎಷ್ಟು ಹೊತ್ತಿಗೆ ಏಳುತ್ತೇವೆ, ಎಷ್ಟು ಹಣ ಉಳಿಸುತ್ತೇವೆ, ರಾತ್ರಿ ಓದಲು ತ್ರಾಣ ಉಳಿಯುತ್ತದೋ ಇಲ್ಲವೋ ಎಂಬುದೆಲ್ಲ ಆ ಒಂದು ಕರೆಯಲ್ಲಿ ನಿರ್ಧಾರವಾಗಿಬಿಟ್ಟಿರುತ್ತದೆ.

ಬಾದಾಮಿ, ಹುನಗುಂದ, ಇಳಕಲ್ ಭಾಗಕ್ಕೆ ಊರು ಬಿಟ್ಟು ಹೋಗುವುದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಗೋವಾಕ್ಕೋ ಮಂಗಳೂರಿಗೋ ಗುಳೇ ಹೋಗುವವರನ್ನು ನೋಡುತ್ತಲೇ ಬೆಳೆದವರು ನಾವು. ಅವರು ಗುತ್ತಿಗೆದಾರನಿಗೆ ಮೊದಲು ಕೇಳುವುದು ಮೂರೇ ಮಾತು: ಪಗಾರ ಎಷ್ಟು, ಇರೋದು ಎಲ್ಲಿ, ನೀರು ಎಲ್ಲಿಂದ. ಬಿಇ ಓದುವ ನಾವು ಮೊದಲನೆಯದನ್ನು ಮಾತ್ರ ಕೇಳುತ್ತೇವೆ. ಪದವಿ ಹಿಡಿದು ಹೋಗುವುದೂ ಒಂದು ಬಗೆಯ ಗುಳೇಯೇ ತಾನೆ? ಉಳಿದ ಎರಡು ಪ್ರಶ್ನೆಗಳನ್ನು ಕೇಳಲು ನಮಗೇಕೆ ಸಂಕೋಚ?

ನಾವು ಎಲ್ಲಿ ಹೋಗಿ ಸೇರುತ್ತೇವೆ ಎಂಬುದನ್ನು ಗಮನಿಸಿ. ಇಳಕಲ್, ಹುನಗುಂದದ ರಾತ್ರಿ ಬಸ್ಸುಗಳು ತುಮಕೂರು ರಸ್ತೆ ಹಿಡಿದು ನಸುಕಿನಲ್ಲಿ ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ, ಯಶವಂತಪುರ ದಾಟಿ ಮೆಜೆಸ್ಟಿಕ್ ಮುಟ್ಟುತ್ತವೆ. ಬಾದಾಮಿಯಲ್ಲಿ ಹತ್ತುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಕೂಡ ತುಮಕೂರು ಕಡೆಯಿಂದಲೇ ನಗರದೊಳಗೆ ಬರುತ್ತದೆ. ಹಾಗಾಗಿ ನಮ್ಮವರ ರೂಮುಗಳು ಹೆಚ್ಚಾಗಿ ಸಿಗುವುದು ಇದೇ ವಾಯವ್ಯ ಭಾಗದಲ್ಲಿ ಇಲ್ಲವೇ ರಾಜಾಜಿನಗರ, ವಿಜಯನಗರದ ಸುತ್ತ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಸಿಗುವ ಖಾನಾವಳಿ ಇದೆ. ‘ಹೆಂಗದಿಯೋ’ ಎಂದು ಮಾತನಾಡಿಸುವವರಿದ್ದಾರೆ. ಬನಶಂಕರಿ ಜಾತ್ರೆಗೆ ಊರಿಗೆ ಹೋಗಬೇಕೆಂದರೆ ಬಸ್ ಹತ್ತುವುದು ಸುಲಭ. ಇವು ಸಣ್ಣ ಸುಖಗಳಲ್ಲ.

ಆದರೆ ನಮಗಿಂತ ಹಿಂದಿನವರು ಅಲ್ಲಿ ಮನೆ ಮಾಡಿದ್ದಕ್ಕೆ ಬೇರೆ ಕಾರಣವಿತ್ತು. ಐಟಿಐ, ಡಿಪ್ಲೊಮಾ ಮುಗಿಸಿ ಹೋದ ಅನೇಕರು ಪೀಣ್ಯದ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರಿದರು. ಶಿಫ್ಟ್ ಮುಗಿದರೆ ನಡೆದೇ ಮನೆ ಸೇರಬಹುದಾದಷ್ಟು ಹತ್ತಿರ ರೂಮು ಹಿಡಿದರು. ಅವರು ಬಸ್ ಇಳಿದಲ್ಲಿ ಮನೆ ಮಾಡಲಿಲ್ಲ, ಕೆಲಸ ಇದ್ದಲ್ಲಿ ಮಾಡಿದರು. ಎರಡೂ ಒಂದೇ ಕಡೆ ಇದ್ದದ್ದು ಅವರ ಅನುಕೂಲ. ನಾವು ಅವರ ವಿಳಾಸವನ್ನು ನಕಲು ಮಾಡಿದೆವು, ಅವರ ಲೆಕ್ಕವನ್ನು ಮಾಡಲಿಲ್ಲ. ಇಂದು ಸಾಫ್ಟ್‌ವೇರ್ ಕೆಲಸಗಳು ಬಹುಪಾಲು ನಗರದ ಮತ್ತೊಂದು ತುದಿಯಲ್ಲಿವೆ: ಪೂರ್ವಕ್ಕೆ ವೈಟ್‌ಫೀಲ್ಡ್, ಹೊರವರ್ತುಲ ರಸ್ತೆಯ ಮಾರತ್‌ಹಳ್ಳಿ–ಬೆಳ್ಳಂದೂರು, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ.

‘ಮೆಟ್ರೊ ಐತಲ್ಲ’ ಎನ್ನುವವರಿಗಾಗಿ ಒಂದು ಲೆಕ್ಕ ಹಾಕೋಣ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ವರೆಗಿನ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪೂರ್ತಿಯಾಗಿ ತೆರೆಯಿತು. ದಾಸರಹಳ್ಳಿಯಲ್ಲಿ ಹಸಿರು ಮಾರ್ಗ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ವೈಟ್‌ಫೀಲ್ಡ್ ತಲುಪಬಹುದು, ನಿಜ. 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಗರಿಷ್ಠ ದರ 90 ರೂಪಾಯಿ ಆಯಿತು. ಇಷ್ಟು ದೂರಕ್ಕೆ ಬೀಳುವುದು ಅದೇ ದರ. ಹೋಗಿ ಬರಲು 180, ತಿಂಗಳಿಗೆ 22 ದಿನ ಎಂದರೆ 3,960 ರೂಪಾಯಿ. ದಾಸರಹಳ್ಳಿಯ ರೂಮಿನಲ್ಲಿ ನಮ್ಮ ಪಾಲು 5 ಸಾವಿರ, ಕಾಡುಗೋಡಿ ಬಳಿ 8 ಸಾವಿರ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಬಾಡಿಗೆಯಲ್ಲಿ 3 ಸಾವಿರ ಉಳಿಯಿತೆಂದು ಖುಷಿಪಟ್ಟವನು ಟಿಕೆಟ್‌ನಲ್ಲೇ ಅದಕ್ಕಿಂತ ಹೆಚ್ಚು ಕಳೆದುಕೊಂಡಿರುತ್ತಾನೆ. ಇನ್ನು ಸಮಯ. ರೂಮಿನಿಂದ ಸ್ಟೇಷನ್ನಿಗೆ ನಡಿಗೆ, ಮೆಜೆಸ್ಟಿಕ್‌ನಲ್ಲಿ ನೂಕುನುಗ್ಗಲು, ಇಳಿದ ಮೇಲೆ ಆಫೀಸಿಗೆ ಆಟೊ, ಎಲ್ಲ ಸೇರಿ ಒಂದು ಕಡೆಗೆ ಎರಡು ತಾಸು ಹಿಡಿದರೆ ತಿಂಗಳಿಗೆ 88 ತಾಸು. ಎಂಟು ತಾಸಿನ ದುಡಿಮೆಯ ಲೆಕ್ಕದಲ್ಲಿ ಹನ್ನೊಂದು ದಿನ. ಸಂಬಳವಿಲ್ಲದ ಹನ್ನೊಂದು ದಿನ.

ಈ ದಿನಗಳ ಬೆಲೆ ಎಲ್ಲರಿಗಿಂತ ಹೆಚ್ಚು ಗೊತ್ತಿರಬೇಕಾದವರು ಹೊಸದಾಗಿ ಕೆಲಸಕ್ಕೆ ಸೇರಿದವರು. ಮೊದಲ ವರ್ಷವೇ ಹೊಸ ತಂತ್ರಜ್ಞಾನ ಕಲಿಯಬೇಕು, ಪ್ರೊಬೇಷನ್ ದಾಟಬೇಕು, ಇಂಗ್ಲಿಷ್ ಮಾತು ರೂಢಿಸಿಕೊಳ್ಳಬೇಕು. ಪ್ರಯಾಣದಲ್ಲೇ ನಾಲ್ಕು ತಾಸು ಕಳೆದವರು ಮನೆಗೆ ಬಂದು ಮಾಡುವುದು ಊಟ, ನಿದ್ದೆ ಎರಡೇ. ಇಳಕಲ್ಲಿನ ನನ್ನ ಸಹಪಾಠಿಯ ಅಣ್ಣ ಹೀಗೆ ಎಂಟು ತಿಂಗಳು ಓಡಾಡಿದರು. ಅವರ ತಂದೆ ಸೀರೆ ನೇಯುವವರು. ಮಗ್ಗದ ದುಡಿಮೆಯಲ್ಲಿ ಕೂಡಿಟ್ಟ ಹಣ ಆ ರೂಮಿನ ಅಡ್ವಾನ್ಸಿನಲ್ಲಿ ಸಿಕ್ಕಿಕೊಂಡಿತ್ತು. ಹನ್ನೊಂದು ತಿಂಗಳು ಮುಗಿಯುವ ಮೊದಲು ಬಿಟ್ಟರೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದಾಗಿ ಮಾಲೀಕರು ಹೇಳಿದ್ದರಿಂದ ಅಲ್ಲಿಂದ ಏಳಲೂ ಆಗಲಿಲ್ಲ. ಆಫೀಸು ದೂರವಿರುವುದಷ್ಟೇ ಕಷ್ಟವಲ್ಲ, ದೂರ ಎಂದು ಗೊತ್ತಾದ ಮೇಲೂ ಬಿಡಲಾಗದಿರುವುದು ದೊಡ್ಡ ಕಷ್ಟ.

ದೂರವಿದ್ದರೂ ಮನೆ ಮನೆಯೇ ಅಲ್ಲವೇ ಎನ್ನುವವರು ನಮ್ಮ ಜಿಲ್ಲೆಯತ್ತಲೇ ನೋಡಬಹುದು. 2009ರ ನೆರೆಯ ನಂತರ ಮಲಪ್ರಭಾ ದಂಡೆಯ ಹಳ್ಳಿಗಳಿಗೆ ‘ಆಸರೆ’ ಮನೆಗಳು ಬಂದವು. ಎಷ್ಟೋ ಕಡೆ ಆ ಮನೆಗಳಿಗೆ ಜನ ಹೋಗಲೇ ಇಲ್ಲ. ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ ಎಂದರು. ಹೊರಗಿನವರಿಗೆ ಅದು ಹಟಮಾರಿತನದಂತೆ ಕಂಡಿರಬಹುದು. ಆದರೆ ಅವರ ಮಾತಿನಲ್ಲಿ ಒಂದು ಸತ್ಯವಿತ್ತು: ದುಡಿಮೆಯಿಂದ ದೂರವಾದ ಮನೆ ಬರೀ ಗೋಡೆ, ಸೂರು. ಆಲಮಟ್ಟಿ ಹಿನ್ನೀರಿನಿಂದಾಗಿ ನವನಗರಕ್ಕೆ ಬಂದ ಬಾಗಲಕೋಟೆಯ ಕುಟುಂಬಗಳನ್ನು ಕೇಳಿದರೂ ತಿಳಿಯುತ್ತದೆ. ಅಗಲ ರಸ್ತೆ, ಹೊಸ ಸೆಕ್ಟರ್‌ಗಳ ನಡುವೆಯೂ ಹಳೇ ಊರಿನ ಪೇಟೆಯ ನಂಟು ಕಡಿದುಕೊಳ್ಳಲು ಅವರಿಗೆ ಸುಲಭವಾಗಲಿಲ್ಲ. ಅವರಿಗೆ ಆಯ್ಕೆ ಇರಲಿಲ್ಲ. ನಮಗೆ ಇದೆ.

ಹಾಗಾದರೆ ಎಲ್ಲಿ ಇರಬೇಕು? ಎಲ್ಲರಿಗೂ ಒಂದೇ ಉತ್ತರವಿಲ್ಲ. ನಾವು ಹೋಗುವುದು ಯಾತಕ್ಕೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಕೆಪಿಎಸ್‌ಸಿ, ಪಿಎಸ್‌ಐ, ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ವಿಜಯನಗರ, ಚಂದ್ರಾ ಲೇಔಟ್, ಹಂಪಿನಗರದ ಸುತ್ತ ಇರುವುದರಲ್ಲಿ ಅರ್ಥವಿದೆ. ಕೋಚಿಂಗ್, ಗ್ರಂಥಾಲಯ, ಒಟ್ಟಿಗೆ ಓದುವ ಸ್ನೇಹಿತರು ನಡೆದು ಹೋಗುವಷ್ಟು ಹತ್ತಿರ ಸಿಗುತ್ತಾರೆ. ಆದರೆ ಅವರು ಬೆಂಗಳೂರಿಗೇ ಹೋಗಬೇಕೇ ಎಂದೂ ಕೇಳಿಕೊಳ್ಳಬೇಕು. ಧಾರವಾಡದ ಸಪ್ತಾಪುರದಲ್ಲೂ ಇದೇ ವಾತಾವರಣವಿದೆ, ಊರೂ ಹತ್ತಿರ.

ಇನ್ನೂ ಕೆಲಸ ಸಿಗದೆ, ಕೋರ್ಸ್ ಸೇರಿ ಇಂಟರ್‌ವ್ಯೂ ಕೊಡಲು ಹೋಗುವವರು ನಗರದ ನಡುವೆ, ಎರಡು ಮಾರ್ಗಗಳ ಮೆಟ್ರೊ ಸುಲಭವಾಗಿ ಸಿಗುವ ಕಡೆ ಇರುವುದು ಒಳ್ಳೆಯದು. ಇಂಟರ್‌ವ್ಯೂ ಇಂದು ವೈಟ್‌ಫೀಲ್ಡ್‌ನಲ್ಲಿ, ನಾಳೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇರಬಹುದು. ಈ ಹಂತದಲ್ಲಿ ಅಣ್ಣಂದಿರ ರೂಮೇ ಸರಿ. ಕೈಯಲ್ಲಿ ಸಂಬಳವಿಲ್ಲದಾಗ ಜನಬಲವೇ ಬಲ. ಜ್ವರ ಬಂದರೆ ಗಂಜಿ ಕಾಸಿ ಕೊಡುವವರು, ಮೂರನೇ ಸಲ ರಿಜೆಕ್ಟ್ ಆದಾಗ ‘ಇರ್ಲಿ ಬಿಡಪಾ’ ಎನ್ನುವವರು ಬೇಕು. ದೊಡ್ಡ ಅಡ್ವಾನ್ಸ್ ಕೊಟ್ಟು ಸ್ವಂತ ರೂಮು ಹಿಡಿಯುವ ಕಾಲ ಮಾತ್ರ ಇದಲ್ಲ.

ಆಫರ್ ಲೆಟರ್ ಸಿಕ್ಕವರು ಜಾಯಿನಿಂಗ್ ದಿನಾಂಕ ಮತ್ತು ಆಫೀಸಿನ ವಿಳಾಸ ಬರವಣಿಗೆಯಲ್ಲಿ ಬರುವ ತನಕ ಕಾಯಬೇಕು. ಟ್ರೇನಿಂಗ್ ಒಂದು ಊರಲ್ಲಿ, ಪೋಸ್ಟಿಂಗ್ ಇನ್ನೊಂದು ಊರಲ್ಲಿ ಆಗುವುದುಂಟು. ವಾರಕ್ಕೆ ಎಷ್ಟು ದಿನ ಆಫೀಸು, ಶಿಫ್ಟ್ ಯಾವುದು, ಕ್ಯಾಬ್ ಇದೆಯೋ ಎಂದು ಎಚ್.ಆರ್. ಅವರನ್ನು ಕೇಳಲು ನಾಚಿಕೆ ಬೇಡ. ವಿಳಾಸ ತಿಳಿದ ಮೇಲೆ ಆಫೀಸಿನ ಎದುರೇ ಮನೆ ಬೇಕೆಂದಿಲ್ಲ, ಅದೇ ಮೆಟ್ರೊ ಮಾರ್ಗದಲ್ಲಿ ನಾಲ್ಕೈದು ಸ್ಟೇಷನ್ ಈಚೆ ನೋಡಬಹುದು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರಿಗೆ ಬೊಮ್ಮನಹಳ್ಳಿ, ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್ ಎಲ್ಲವೂ ಕೈಗೆಟಕುವ ಜಾಗಗಳಾಗಿವೆ. ವೈಟ್‌ಫೀಲ್ಡ್ ಕಡೆಯವರು ಕೆ.ಆರ್. ಪುರ, ಹೂಡಿ ಸುತ್ತ ಹುಡುಕಬಹುದು.

ಬಡಾವಣೆ ಗೊತ್ತುಮಾಡಿಕೊಂಡ ಮೇಲೆ ಗುಳೇ ಹೋಗುವವರ ಮೂರನೇ ಪ್ರಶ್ನೆ: ನೀರು ಎಲ್ಲಿಂದ? 2024ರ ಬೇಸಿಗೆಯಲ್ಲಿ ಬೋರ್‌ವೆಲ್ ನಂಬಿದ ಹೊರವಲಯದ ಬಡಾವಣೆಗಳು ಟ್ಯಾಂಕರ್‌ಗಾಗಿ ಪರದಾಡಿದವು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತಕ್ಕೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಚಾಲನೆ ಸಿಕ್ಕಿತು. ಯೋಜನೆ ಬಂದಿದೆ ಎಂದ ಮಾತ್ರಕ್ಕೆ ನಾವು ನೋಡುವ ಕಟ್ಟಡದ ನಲ್ಲಿಗೆ ಬಂದಿದೆ ಎಂದಲ್ಲ. ಮಾಲೀಕರನ್ನು ಕೇಳುವುದಕ್ಕಿಂತ ಕೆಳಗಿನ ಮನೆಯವರನ್ನು ಕೇಳಿದರೆ ನಿಜ ಗೊತ್ತಾಗುತ್ತದೆ. ಮಳೆಗಾಲದ ಬಗ್ಗೆಯೂ ವಿಚಾರಿಸಿ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಐಟಿ ಕಂಪನಿಗಳ ಸುತ್ತಲೇ ಜನ ಟ್ರ್ಯಾಕ್ಟರ್ ಹತ್ತಿ ಓಡಾಡಿದ್ದನ್ನು ಟಿವಿಯಲ್ಲಿ ನೋಡಿದ್ದೇವೆ.

ಪಿ.ಜಿ. ಹಿಡಿಯುವವರಿಗೆ ಇನ್ನೊಂದು ಮಾತು. ಬಿಬಿಎಂಪಿ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ ಕ್ಯಾಮೆರಾ ಇರಬೇಕು. ಒಂದು ಕೋಣೆಯಲ್ಲಿ ಐದು ಮಂಚ ಕಂಡರೆ ಈ ಲೆಕ್ಕ ನೆನಪಿರಲಿ.

ಹೆಣ್ಣುಮಕ್ಕಳಿಗೆ ಈ ಆಯ್ಕೆ ಇನ್ನೂ ಬಿಗಿ. ‘ಕಾಕಾನ ಮನಿ ಐತಲ್ಲ, ಅಲ್ಲೇ ಇರು’ ಎಂದು ಮನೆಯಲ್ಲಿ ತೀರ್ಮಾನವಾಗಿರುತ್ತದೆ. ಕಾಕಾನ ಮನೆ ಕೆಂಗೇರಿಯಲ್ಲಿದ್ದು ಆಫೀಸು ಬೆಳ್ಳಂದೂರಿನಲ್ಲಿದ್ದರೆ ರಾತ್ರಿ ಎಂಟೂವರೆಗೆ ಬಸ್ ಬದಲಿಸುತ್ತಾ ನಿಲ್ಲುವವಳು ಮಗಳು. ಸುರಕ್ಷತೆ ಎಂದರೆ ಸಂಬಂಧಿಕರ ಬಾಗಿಲು ಮಾತ್ರವಲ್ಲ, ಆ ಬಾಗಿಲು ತಲುಪುವ ದಾರಿಯೂ ಹೌದು. ಆಫೀಸಿಗೆ ಹತ್ತಿರದ, ಬೆಳಕಿರುವ ಬೀದಿಯ ಪಿ.ಜಿ. ಕೆಲವೊಮ್ಮೆ ಹೆಚ್ಚು ಸುರಕ್ಷಿತ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸು ಮಹಿಳೆಯರಿಗೆ ಉಚಿತ. ಆದ್ದರಿಂದ ನೇರ ಸಾಮಾನ್ಯ ಬಸ್ ಇರುವ ಬಡಾವಣೆ ಅವರ ಲೆಕ್ಕದಲ್ಲಿ ಮೇಲೆ ಬರಬೇಕು.

ಆದರೆ ಎಲ್ಲವೂ ನಮ್ಮ ಜಾಣತನದ ಮೇಲೆಯೇ ನಿಂತಿಲ್ಲ. ಐದಾರು ತಿಂಗಳಿಂದ ಹತ್ತು ತಿಂಗಳ ತನಕ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವ ಊರಿನಲ್ಲಿ ಬಡವರ ಮಕ್ಕಳಿಗೆ ಆಯ್ಕೆ ಎಂಬುದು ಹೆಸರಿಗೆ ಮಾತ್ರ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನಷ್ಟೇ ಮಿತಿಯಾಗಿ ಇಟ್ಟಿದೆ. ಮಾದರಿ ಕಾಯ್ದೆ ತಾನಾಗಿ ಜಾರಿಯಾಗದು, ರಾಜ್ಯಗಳು ಅಳವಡಿಸಿಕೊಳ್ಳಬೇಕು. ಆ ಎರಡು ತಿಂಗಳ ಮಿತಿ ನಮ್ಮಲ್ಲಿ ನಿಜವಾಗಿ ಜಾರಿಗೆ ಬಂದರೆ ಸಾವಿರಾರು ಮನೆಗಳ ಬಂಗಾರ ಅಡವಿಡುವುದು ತಪ್ಪುತ್ತದೆ. ‘ನೀವು ಯಾವ ಜನ?’ ಎಂದು ಕೇಳಿದ ಮೇಲೆಯೇ ಮನೆ ತೋರಿಸುವ ಮಾಲೀಕರ ಮುಂದೆ ನಿಂತವರಿಗೆ ಗೊತ್ತು, ನಕ್ಷೆಯಲ್ಲಿ ಹತ್ತಿರ ಕಾಣುವ ಎಷ್ಟೋ ಮನೆಗಳು ಎಲ್ಲರಿಗೂ ಹತ್ತಿರವಲ್ಲ. ಈ ಪ್ರಶ್ನೆಯನ್ನು ಸಹಜವೆಂದು ನುಂಗಿಕೊಳ್ಳುವುದನ್ನು ನಮ್ಮ ಪೀಳಿಗೆ ನಿಲ್ಲಿಸಬೇಕು.

ಕಾಲೇಜುಗಳೂ ಸ್ವಲ್ಪ ಮಾಡಬಹುದು. ಪ್ಲೇಸ್‌ಮೆಂಟ್ ತರಬೇತಿಯಲ್ಲಿ ರೆಸ್ಯೂಮೆ, ಟೈ ಕಟ್ಟುವುದು, ಗ್ರೂಪ್ ಡಿಸ್ಕಷನ್ ಎಲ್ಲ ಹೇಳಿಕೊಡುತ್ತಾರೆ. ಅದರ ಜೊತೆ ಒಂದು ತಾಸು ಹಳೆಯ ವಿದ್ಯಾರ್ಥಿಗಳನ್ನು ಕರೆಸಿ, ಯಾರು ಯಾವ ಬಡಾವಣೆಯಲ್ಲಿದ್ದಾರೆ, ಬಾಡಿಗೆ ಎಷ್ಟು, ಪ್ರಯಾಣ ಎಷ್ಟು ಹೊತ್ತು ಎಂದು ಹೇಳಿಸಿದರೆ ಸಾಕು. ಆ ಪಟ್ಟಿಯನ್ನು ಪ್ರತಿವರ್ಷ ತಿದ್ದುತ್ತಾ ಹೋದರೆ ಮುಂದಿನ ಬ್ಯಾಚಿಗೆ ಅದೇ ದಾರಿದೀಪ.

ಅಲ್ಲಿಯವರೆಗೆ ನಾವೇ ಮಾಡಬಹುದಾದ ಕೆಲಸವೊಂದಿದೆ. ಅಡ್ವಾನ್ಸ್ ಕೊಡುವ ಮೊದಲು ಒಂದು ಸೋಮವಾರ ಬೆಳಿಗ್ಗೆ ಎಂಟೂವರೆಗೆ ಆ ಮನೆಯ ಬಾಗಿಲಿನಿಂದ ಆಫೀಸಿನ ಗೇಟಿನ ತನಕ ಒಮ್ಮೆ ಹೋಗಿ ನೋಡುವುದು. ಭಾನುವಾರ ನೋಡಿದ ಬೆಂಗಳೂರನ್ನು ನಂಬಬಾರದು. ಆಮೇಲೆ ಒಂದು ಹಾಳೆಯಲ್ಲಿ ಬಾಡಿಗೆ, ಟಿಕೆಟ್, ತಾಸು, ನೀರು, ಅಡ್ವಾನ್ಸ್ ಐದನ್ನೂ ಬರೆದು ಮನೆಯ ಹಿರಿಯರಿಗೆ ಓದಿ ಹೇಳಿ. ಬಿತ್ತುವ ಮುಂಚೆ ಹೊಲದ ಮಣ್ಣು ಮುಟ್ಟಿ ನೋಡುವ ಮಂದಿ ಅವರು, ಲೆಕ್ಕ ಬೇಗ ಅರ್ಥವಾಗುತ್ತದೆ.

– ಬಿಇ ವಿದ್ಯಾರ್ಥಿ, ಬಾದಾಮಿ