ಹಿತ್ತಲ ಗಿಡ, ಸಂತೆಯ ಹಣ್ಣು

ನನ್ನ ಸೋದರಳಿಯನೊಬ್ಬ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಹೋದ ಹೊಸತರಲ್ಲಿ ಅವನಿಗೆ ಕ್ರಿಕೆಟ್ಟಿನ ಹಂಬಲವಿತ್ತು. ಅದು ಸಿಗದಾದಾಗ ಬೇಸ್‌ಬಾಲಿಗೆ ಮನಸ್ಸು ಕೊಟ್ಟ. ಕೊಟ್ಟ ಮನಸ್ಸನ್ನು ಮತ್ತೆ ಹಿಂದಕ್ಕೆ ಪಡೆಯಲಿಲ್ಲ. ನ್ಯೂಯಾರ್ಕಿನ ಯಾಂಕೀಸ್ ತಂಡ ಗೆದ್ದರೆ ಅವನಿಗೆ ಹಬ್ಬ, ಸೋತರೆ ಸೂತಕ. 2013ನೆಯ ಇಸವಿಯ ಡಿಸೆಂಬರಿನಲ್ಲಿ ಒಂದು ದಿನ ನಾನು ಬೆಳಗಿನ ಕಾಫಿ ಕುಡಿಯುತ್ತಿರುವಾಗ ಫೋನಿನಲ್ಲಿ ಅವನ ಧ್ವನಿ ಕೇಳಿಸಿತು. ಧ್ವನಿ ಕುಗ್ಗಿತ್ತು. ಯಾರಿಗೋ ಏನೋ ಆಯಿತೆಂದು ನನ್ನ ಎದೆ ಧಸಕ್ಕೆಂದಿತು.

“ಮಾವ, ಕಾನೋ ಹೊರಟುಹೋದ.”

“ಯಾರಪ್ಪ ಅದು? ನಿನ್ನ ಆಫೀಸಿನವನೇ?”

“ಅಲ್ಲ ಮಾವ, ನಮ್ಮ ತಂಡದವನು. ನಮ್ಮಲ್ಲೇ ಬೆಳೆದ ಹುಡುಗ. ದುಡ್ಡಿಗಾಗಿ ಸಿಯಾಟಲ್ಲಿಗೆ ಹೋಗಿಬಿಟ್ಟ.”

ಕೂಡುಕುಟುಂಬದಿಂದ ಪಾಲು ತೆಗೆದುಕೊಂಡು ಹೋದ ತಮ್ಮನ ವಿಚಾರವನ್ನು ಹೇಳುವವನಂತೆ ಹೇಳಿದ. ನಾನು ಬೇಸ್‌ಬಾಲ್ ಬಲ್ಲವನಲ್ಲ. ಆದರೆ ಆ ಧ್ವನಿಯನ್ನು ಬಲ್ಲೆ. ಅಂದಿನಿಂದ ಆ ಆಟದ ಲೆಕ್ಕಪತ್ರದ ಬೆನ್ನು ಹತ್ತಿದೆ. ಆಟಕ್ಕಿಂತ ಆ ಲೆಕ್ಕವೇ ನನಗೆ ಹೆಚ್ಚು ರುಚಿಸಿತೆಂದರೆ ಕ್ರೀಡಾಪ್ರಿಯರಾದ ವಾಚಕರು ಕ್ಷಮಿಸಬೇಕು.

ಅಲ್ಲಿ ಬೇಸ್‌ಬಾಲಿನ ಋತು ವಸಂತದಲ್ಲಿ ತೊಡಗಿ ಚಳಿಗಾಲದ ಹೊಸ್ತಿಲಲ್ಲಿ ಮುಗಿಯುತ್ತದೆ. ಒಂದೊಂದು ತಂಡವೂ 162 ಪಂದ್ಯಗಳನ್ನಾಡಿ ದಣಿದಿರುತ್ತದೆ. ಆಮೇಲಿನ ತಿಂಗಳುಗಳಲ್ಲಿ ಆಟಗಾರರಿಗೆ ವಿಶ್ರಾಂತಿ. ತಂಡವನ್ನು ನಡೆಸುವವರಿಗೆ ಮಾತ್ರ ನಿದ್ರೆಯಿಲ್ಲ. ತೆರವಾದ ಸ್ಥಾನಕ್ಕೆ ಸಂತೆಯಿಂದ ಆಟಗಾರನನ್ನು ತರುವುದೋ, ತಮ್ಮದೇ ಕೆಳಗಿನ ತಂಡಗಳಲ್ಲಿ ಬೆಳೆಯುತ್ತಿರುವ ಹುಡುಗನನ್ನು ಮೇಲಕ್ಕೆ ಕರೆಯುವುದೋ ಎಂಬುದೇ ಅವರ ಚಿಂತೆ. ಸಂತೆಯಲ್ಲಿ ದೊರೆಯುವವನಿಗೆ ‘ಫ್ರೀ ಏಜೆಂಟ್’ ಎಂದು ಹೆಸರು. ಕರಾರು ಮುಗಿದು ಬಂಧಮುಕ್ತನಾದವನು ಎಂದರ್ಥ. ನಮ್ಮ ಐ.ಪಿ.ಎಲ್. ಹರಾಜನ್ನು ಕಂಡವರು ಇದೂ ಹಾಗೆಯೇ ಎಂದು ಭಾವಿಸಬಾರದು. ಹರಾಜಿನಲ್ಲಿ ಹೆಚ್ಚು ಕೂಗಿದವರ ಪಾಲಿಗೆ ಆಟಗಾರ ಬೀಳುತ್ತಾನೆ; ಯಾವ ಊರಿಗೆ ಹೋಗುತ್ತೀಯಪ್ಪಾ ಎಂದು ಅವನನ್ನು ಯಾರೂ ಕೇಳುವುದಿಲ್ಲ. ಫ್ರೀ ಏಜೆಂಟನ ಮನೆಯ ಬಾಗಿಲಿಗಾದರೋ ತಂಡಗಳೇ ಬರಬೇಕು. ಒಪ್ಪುವುದೂ ಬಿಡುವುದೂ ಅವನ ಇಚ್ಛೆ.

ಈ ಇಚ್ಛೆ ಅವನಿಗೆ ಸುಲಭವಾಗಿ ದಕ್ಕಿದ್ದಲ್ಲ. ಹತ್ತೊಂಬತ್ತನೆಯ ಶತಮಾನದಿಂದಲೂ ಅಲ್ಲಿ ಒಂದು ಕಟ್ಟಳೆಯಿತ್ತು. ಒಮ್ಮೆ ಒಂದು ತಂಡಕ್ಕೆ ಸಹಿ ಹಾಕಿದವನು, ಆ ತಂಡ ತಾನಾಗಿ ಮಾರುವವರೆಗೆ ಅಥವಾ ಬಿಡುವವರೆಗೆ ಅದರವನೇ. ಸೇಂಟ್ ಲೂಯಿಯ ಕರ್ಟ್ ಫ್ಲಡ್ ಎಂಬ ಆಟಗಾರನನ್ನು 1969ರಲ್ಲಿ ಅವನ ಮಾತು ಕೇಳದೆ ಫಿಲಡೆಲ್ಫಿಯಾ ತಂಡಕ್ಕೆ ಸಾಗಹಾಕಿದರು. ಅವನು ಹೋಗಲೊಲ್ಲೆನೆಂದ. ತಾನು ಕೊಂಡು ಮಾರುವ ಸ್ವತ್ತಲ್ಲವೆಂದು ಆ ವರ್ಷದ ಕ್ರಿಸ್ಮಸ್ಸಿನ ಹಿಂದಿನ ದಿನ ಆಟದ ಮುಖ್ಯಾಧಿಕಾರಿಗೆ ಪತ್ರ ಬರೆದ. ಸರ್ವೋಚ್ಚ ನ್ಯಾಯಾಲಯದವರೆಗೂ ಹೋದ. 1972ರಲ್ಲಿ ಐದಕ್ಕೆ ಮೂರು ಮತಗಳಿಂದ ಸೋತ. ಅವನ ಆಟವೂ ಅಲ್ಲಿಗೆ ಮುಗಿದಿತ್ತು. ಫಲ ಉಂಡವರು ಬೇರೆಯವರು. ಮೆಸರ್‌ಸ್ಮಿತ್, ಮೆಕ್‌ನ್ಯಾಲಿ ಎಂಬ ಇಬ್ಬರು ಪಿಚರುಗಳ ವ್ಯಾಜ್ಯದಲ್ಲಿ 1975ರ ಡಿಸೆಂಬರಿನಲ್ಲಿ ಪೀಟರ್ ಸೈಟ್ಸ್ ಎಂಬ ಪಂಚಾಯಿತಿದಾರರು ಕೊಟ್ಟ ತೀರ್ಪಿನಿಂದ ಹಳೆಯ ಸರಪಳಿ ಕಳಚಿತು. ಮುಂದಿನ ವರ್ಷ ಒಡೆಯರೂ ಆಟಗಾರರೂ ಕೂಡಿ ಮಾಡಿಕೊಂಡ ಒಪ್ಪಂದದಂತೆ, ಮೇಲಿನ ಪಂಕ್ತಿಯಲ್ಲಿ ಆರು ವರ್ಷ ಸೇವೆ ಮಾಡಿದವನಿಗೆ ಬಿಡುಗಡೆ.

ಆರು ವರ್ಷ! ಎಲ್ಲ ಲೆಕ್ಕದ ಕೀಲೂ ಇಲ್ಲಿದೆ. ಮನೆಯಲ್ಲಿ ಬೆಳೆದ ಹುಡುಗ ತಂಡಕ್ಕೆ ಅಗ್ಗವಾಗುವುದು ಅವನ ಭಕ್ತಿಯಿಂದಲ್ಲ. ಆರು ವರ್ಷ ಅವನು ಬೇರೆಡೆಗೆ ಹೋಗುವಂತಿಲ್ಲವಾದುದರಿಂದ. ಮೊದಲ ಮೂರು ವರ್ಷ ಹೆಚ್ಚು ಕಡಮೆ ಕನಿಷ್ಠ ಸಂಬಳ. ನಾನು ಹೇಳುತ್ತಿರುವ 2013ರಲ್ಲಿ ಅದು 4,90,000 ಡಾಲರಾಗಿತ್ತು. ನಮ್ಮ ನಿಮ್ಮ ಕಣ್ಣಿಗೆ ಅದು ಕುಬೇರನ ಸಂಬಳವೇ ಸರಿ. ಆದರೆ ಅದೇ ಕೆಲಸ ಮಾಡುವ ಫ್ರೀ ಏಜೆಂಟನಿಗೆ ಅದರ ನಲವತ್ತು ಪಾಲು ಸಲ್ಲುವುದುಂಟು. ಬಿಡುಗಡೆಯ ದಿನ ಬರುವ ಹೊತ್ತಿಗೆ ಆಟಗಾರನಿಗೆ ಮೂವತ್ತರ ಆಸುಪಾಸು. ಕಾಲಿನ ವೇಗ ತಗ್ಗತೊಡಗುವ ವಯಸ್ಸು. ಆದುದರಿಂದ ಸಂತೆಯಲ್ಲಿ ದೊಡ್ಡ ಗಂಟು ಬಿಚ್ಚುವವನು ಬಹುಮಟ್ಟಿಗೆ ಕೊಳ್ಳುವುದು, ಬೇರೊಬ್ಬರ ಮನೆಯಲ್ಲಿ ಆಗಲೇ ಆಡಿ ಮುಗಿಸಿದ ಆಟವನ್ನು.

ಈಗ ನನ್ನ ಅಳಿಯನ ದುಃಖಕ್ಕೆ ಬರೋಣ. ರಾಬಿನ್ಸನ್ ಕಾನೋ ಡೊಮಿನಿಕನ್ ಗಣರಾಜ್ಯದವನು. 2001ರಲ್ಲಿ, ಮೀಸೆ ಮೂಡುವ ವಯಸ್ಸಿನಲ್ಲಿ, ಯಾಂಕೀಸರು ಅವನನ್ನು ಸೇರಿಸಿಕೊಂಡರು. ಕೆಳಗಿನ ತಂಡಗಳಲ್ಲಿ ಪಳಗಿ 2005ರಲ್ಲಿ ಮೇಲೆ ಬಂದ. 2009ರಲ್ಲಿ ತಂಡ ವಿಶ್ವಪಂದ್ಯಮಾಲೆಯನ್ನು ಗೆದ್ದಾಗ ಎರಡನೆಯ ಬೇಸಿನ ಕಾವಲುಗಾರ ಅವನೇ. 2013ರಲ್ಲಿ ಅವನಿಗೆ ಮೂವತ್ತೊಂದು. ತಂಡ ಏಳು ವರ್ಷಕ್ಕೆ ಸುಮಾರು ಹದಿನೇಳೂವರೆ ಕೋಟಿ ಡಾಲರು ಕೊಡಲು ಸಿದ್ಧವಿತ್ತೆಂದು ಆಗಿನ ಪತ್ರಿಕೆಗಳು ಬರೆದವು. ಸಿಯಾಟಲ್ ತಂಡ ಹತ್ತು ವರ್ಷಕ್ಕೆ ಇಪ್ಪತ್ತನಾಲ್ಕು ಕೋಟಿ ಎಂದಿತು. ಕಾನೋ ಹೊರಟ.

ಅದೇ ವಾರದಲ್ಲಿ ಯಾಂಕೀಸರು ಬಾಸ್ಟನ್ನಿನ ಜಾಕೋಬಿ ಎಲ್ಸ್‌ಬರಿಯನ್ನು ಏಳು ವರ್ಷಕ್ಕೆ 15 ಕೋಟಿ 30 ಲಕ್ಷ ಡಾಲರಿಗೆ ಗೊತ್ತು ಮಾಡಿಕೊಂಡರು. ಬಾಸ್ಟನ್ ಎಂದರೆ ಯಾಂಕೀಸರ ಬದ್ಧವೈರಿ. ಎಲ್ಸ್‌ಬರಿ ಅಲ್ಲಿ ಬೆಳೆದ ಹುಡುಗ. ಆ ವರ್ಷವೇ ಅಲ್ಲಿನವರಿಗೆ ಕಿರೀಟ ತೊಡಿಸಿದವರಲ್ಲಿ ಒಬ್ಬ. ಒಂದು ಮನೆಯ ಮಗ ಹೋದ ವಾರವೇ ಇನ್ನೊಂದು ಮನೆಯ ಮಗನನ್ನು ಕರೆತಂದಂತಾಯಿತು. ಮೆಕ್ಯಾನ್, ಬೆಲ್ಟ್ರಾನ್ ಮೊದಲಾದವರೂ ಅದೇ ಚಳಿಗಾಲದಲ್ಲಿ ಬಂದರು.

ಇಲ್ಲಿ ಸಂತೆಯ ಇನ್ನೊಂದು ಕಟ್ಟಳೆಯನ್ನು ಹೇಳಬೇಕು. ಹೆಸರಾಂತ ಫ್ರೀ ಏಜೆಂಟನನ್ನು ಕೊಂಡರೆ ಹಣವಷ್ಟೇ ಅಲ್ಲ, ಬರುವ ಬೇಸಿಗೆಯಲ್ಲಿ ಶಾಲೆ ಕಾಲೇಜುಗಳ ಹುಡುಗರನ್ನು ಆರಿಸಿಕೊಳ್ಳುವ ಸರದಿಯನ್ನೂ ಕಳೆದುಕೊಳ್ಳಬೇಕಾಗಿತ್ತು. ಈ ಆಯ್ಕೆಗೆ ‘ಡ್ರಾಫ್ಟ್’ ಎನ್ನುತ್ತಾರೆ. ಮೂವರನ್ನು ಹಾಗೆ ಕೊಂಡ ಯಾಂಕೀಸರಿಗೆ 2014ರ ಡ್ರಾಫ್ಟಿನಲ್ಲಿ ದೊರೆತ ಮೊದಲ ಸರದಿ 55ನೆಯದು. ಹಣ್ಣು ಕೊಳ್ಳುವುದಕ್ಕೆ ಬಿತ್ತನೆಯ ಬೀಜವನ್ನು ಒತ್ತೆಯಿಟ್ಟಂತೆ.

ಮುಂದೇನಾಯಿತು? ಎಲ್ಸ್‌ಬರಿ ನಾಲ್ಕು ಋತು ಆಡಿದ. ಬಾಸ್ಟನ್ನಿನ ಆಟ ಮತ್ತೆ ಕಾಣಲಿಲ್ಲ. 2017ರ ನಂತರ ಒಂದರ ಮೇಲೊಂದು ಗಾಯ. ಒಂದು ಪಂದ್ಯವನ್ನೂ ಆಡಲಿಲ್ಲ. ಕರಾರು ಇನ್ನೂ ಒಂದು ವರ್ಷ ಉಳಿದಿರುವಾಗಲೇ, 2019ರ ನವೆಂಬರಿನಲ್ಲಿ, ತಂಡ ಅವನನ್ನು ಕೈಬಿಟ್ಟಿತು. ಗಾಯಗೊಂಡವನನ್ನು ದೂಷಿಸುವುದು ನ್ಯಾಯವಲ್ಲ. ಆದರೆ ವೇಗವೇ ಬಂಡವಾಳವಾದ ಮೂವತ್ತು ವರ್ಷದವನಿಗೆ ಏಳು ವರ್ಷದ ಪಟ್ಟಿ ಬರೆದುಕೊಟ್ಟವರನ್ನು ಕೇಳಬೇಡವೇ? ಕಾನೋನನ್ನು ಹತ್ತು ವರ್ಷಕ್ಕೆ ಹಿಡಿಯದಿದ್ದುದು ವಿವೇಕ. ಅಭಿಮಾನಿಗಳ ಅಳುವನ್ನು ನಿಲ್ಲಿಸಲು ಆ ಹಣದ ಬಹುಪಾಲನ್ನು ತಕ್ಷಣವೇ ಇನ್ನೊಬ್ಬನ ಮಡಿಲಿಗೆ ಸುರಿದುದು ಅವಿವೇಕ. ಇದು ನನ್ನ ಅಭಿಪ್ರಾಯ. ಅಳಿಯ ಇಂದಿಗೂ ಒಪ್ಪುವುದಿಲ್ಲ. ಕಾನೋ ಸಿಯಾಟಲ್ಲಿನಲ್ಲಿ ಐದು ಋತು ಆಡಿದ, ಕೆಲವನ್ನು ಚೆನ್ನಾಗಿಯೇ ಆಡಿದ. ನಿಷಿದ್ಧ ಔಷಧದ ಪ್ರಕರಣದಲ್ಲಿ 2018ರಲ್ಲಿ 80 ಪಂದ್ಯಗಳ ಶಿಕ್ಷೆಗೆ ಒಳಗಾದ. ಆ ವರ್ಷದ ಕೊನೆಗೆ ಅವನನ್ನು ಬೇರೆ ತಂಡಕ್ಕೆ ಸಾಗಿಸಿದರು. ಅವನಿದ್ದಷ್ಟು ಕಾಲವೂ ಸಿಯಾಟಲ್ ಅಂತಿಮ ಘಟ್ಟದ ಪಂದ್ಯಗಳಿಗೆ ಏರಲಿಲ್ಲ.

ಮಗನನ್ನು ಕಳೆದುಕೊಂಡ ಬಾಸ್ಟನ್ ಏನು ಮಾಡಿತು? ಎಲ್ಸ್‌ಬರಿಯ ಜಾಗದಲ್ಲಿ ತನ್ನದೇ ಹುಡುಗ ಜಾಕಿ ಬ್ರಾಡ್ಲಿಯನ್ನು ನಿಲ್ಲಿಸಿತು. ಚೆಂಡು ಹಿಡಿಯುವುದರಲ್ಲಿ ಅವನು ಮಾಯಗಾರ. ಬ್ಯಾಟು ಹಿಡಿದರೆ ಮಾತ್ರ ಕಂಗಾಲು. 2014ರಲ್ಲಿ ಅವನ ಸರಾಸರಿ .198; ಎಂದರೆ ಐದು ಸಲ ಬ್ಯಾಟು ಬೀಸಲು ನಿಂತರೆ ಒಂದು ಸಲವೂ ಸರಿಯಾಗಿ ಹೊಡೆಯಲಾರ. ಅವನನ್ನು ಕೆಳಗಿನ ತಂಡಕ್ಕೆ ಕಳುಹಿಸಿದರು, ಮತ್ತೆ ಕರೆದರು, ಮತ್ತೆ ಕಳುಹಿಸಿದರು. ಹಿಂದಿನ ವರ್ಷ ಕಿರೀಟ ತೊಟ್ಟಿದ್ದ ತಂಡ ತನ್ನ ವಿಭಾಗದಲ್ಲಿ ಕಟ್ಟಕಡೆಗೆ ಬಿತ್ತು. ಆ ಬೇಸಿಗೆ ಬಾಸ್ಟನ್ನಿನವರು ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆಯನ್ನು ತಮ್ಮ ಭಾಷೆಯಲ್ಲಿ ಎಷ್ಟು ಸಲ ಹೇಳಿಕೊಂಡಿರಬಹುದೋ! ಅದೇ ಬ್ರಾಡ್ಲಿ 2018ರಲ್ಲಿ ಹೂಸ್ಟನ್ ತಂಡದ ಮೇಲಿನ ಪಂದ್ಯಮಾಲೆಯಲ್ಲಿ ಮೂರೇ ಹೊಡೆತಗಳಿಂದ ಒಂಬತ್ತು ಓಟ ಗಳಿಸಿಕೊಟ್ಟು ಶ್ರೇಷ್ಠ ಆಟಗಾರನೆನಿಸಿದ. ತಂಡ ಮತ್ತೆ ಕಿರೀಟ ತೊಟ್ಟಿತು. ನಾಲ್ಕು ವರ್ಷ ಕಾಯಬೇಕಾಯಿತು. ನಾಲ್ಕು ವರ್ಷ ಕಾಯುವ ಅಭಿಮಾನಿಗಳು ಎಷ್ಟು ಮಂದಿ?

ಹಾಗೆಂದು ಬಾಸ್ಟನ್ನಿನವರು ಋಷಿಗಳೇನಲ್ಲ. ನಡುವೆ ಅವರೂ ಸಂತೆಗೆ ಹೋದರು. ಪಾಬ್ಲೋ ಸ್ಯಾಂಡೋವಾಲನಿಗೆ ಐದು ವರ್ಷಕ್ಕೆ ಒಂಬತ್ತೂವರೆ ಕೋಟಿ ಕೊಟ್ಟು ಮೂರನೆಯ ವರ್ಷವೇ ಹೊರಗೆ ಕಳುಹಿಸಿ ಕೈಸುಟ್ಟುಕೊಂಡರು. ಡೇವಿಡ್ ಪ್ರೈಸ್ ಎಂಬ ಪಿಚರನಿಗೆ 21 ಕೋಟಿ 70 ಲಕ್ಷ ಕೊಟ್ಟರು, ಅವನು 2018ರ ಅಂತಿಮ ಪಂದ್ಯಮಾಲೆಯಲ್ಲಿ ಎರಡು ಪಂದ್ಯ ಗೆದ್ದುಕೊಟ್ಟ. ಅದೇ ವರ್ಷ ಶ್ರೇಷ್ಠ ಆಟಗಾರನೆನಿಸಿದ ಮೂಕಿ ಬೆಟ್ಸ್ ಅವರ ಹಿತ್ತಲಿನವನೇ. ಅವನ ಬಿಡುಗಡೆಗೆ ಒಂದೇ ವರ್ಷ ಉಳಿದಿರುವಾಗ, 2020ರಲ್ಲಿ, ಅವನನ್ನು ಲಾಸ್ ಏಂಜಲೀಸಿಗೆ ಸಾಗಿಸಿದರು. ಆ ವರ್ಷವೇ ಅವನು ಅಲ್ಲಿಯವರಿಗೆ ಕಿರೀಟ ತಂದಿತ್ತ. ಆಗ ಬಾಸ್ಟನ್ನಿನಲ್ಲಿ ಎಷ್ಟು ಅಳಿಯಂದಿರು ಎಷ್ಟು ಮಾವಂದಿರಿಗೆ ಫೋನು ಮಾಡಿದರೋ ತಿಳಿಯದು.

ಬೆಳೆಸುವ ಈ ಪದ್ಧತಿಯನ್ನು ಆ ಆಟಕ್ಕೆ ತಂದವರು ಬ್ರಾಂಚ್ ರಿಕಿ. 1920ರ ದಶಕದಲ್ಲಿ ಅವರು ನಡೆಸುತ್ತಿದ್ದ ಸೇಂಟ್ ಲೂಯಿ ತಂಡ ಬಡ ತಂಡ. ನ್ಯೂಯಾರ್ಕಿನವರೊಡನೆ ಹಣದಲ್ಲಿ ಸೆಣಸಲಾರದು. ಕೊಳ್ಳಲಾರದವನು ಬೆಳೆದುಕೊಳ್ಳಬೇಕು. ಸಣ್ಣ ಊರುಗಳ ತಂಡಗಳನ್ನು ಕೈಗೆ ತೆಗೆದುಕೊಂಡು ಹುಡುಗರನ್ನು ಅಲ್ಲಿ ಪಳಗಿಸಿದರು. 1926ರಲ್ಲಿ ಯಾಂಕೀಸರನ್ನೇ ಸೋಲಿಸಿದರು. ಈ ಕೆಳಗಿನ ತಂಡಗಳಿಗೆ ಇಂದಿಗೂ ‘ಫಾರಂ’ ಎಂದೇ ಹೆಸರು. ಬೇಸಾಯವೆಂದ ಮೇಲೆ ಹೊಲದಲ್ಲಿ ದುಡಿಯುವವರ ಮಾತೂ ಬರಬೇಕಲ್ಲವೇ? ಆ ಹುಡುಗರಲ್ಲಿ ಮೇಲಿನ ಪಂಕ್ತಿಗೆ ಏರುವವರು ಕೆಲವರೇ. ಉಳಿದವರು ಬಸ್ಸಿನಲ್ಲಿ ರಾತ್ರಿಯೆಲ್ಲ ಪಯಣಿಸಿ, ಒಂದು ಕೋಣೆಯಲ್ಲಿ ನಾಲ್ಕೈದು ಮಂದಿ ಮಲಗಿ, ಋತು ಮುಗಿದ ಮೇಲೆ ಅಂಗಡಿ ಗೋದಾಮುಗಳಲ್ಲಿ ದುಡಿದು ಕಾಲ ಕಳೆದವರು. ಅವರು ಆಟಗಾರರ ಸಂಘಕ್ಕೆ ಸೇರಿದ್ದು 2022ರಲ್ಲಿ. ಮರುವರ್ಷದ ಒಪ್ಪಂದದಿಂದ ಕೆಳಹಂತದ ಹುಡುಗನ ವರ್ಷದ ಸಂಬಳ ಸುಮಾರು 11,000 ಡಾಲರಿನಿಂದ 26,200ಕ್ಕೆ ಏರಿತು. ಮನೆಯ ಮಕ್ಕಳೆಂದು ಹೆಮ್ಮೆ ಪಡುವ ಮನೆಗಳು ಅಷ್ಟು ದಿನ ಇಟ್ಟ ಊಟ ಅಂಥದು.

ಯಾಂಕೀಸರ ಕಥೆ ಇನ್ನೂ ಸ್ವಲ್ಪ ಉಳಿದಿದೆ. ಕಾನೋ ಹೋದ ದಿನ ಅಳಿಯನಿಗಾಗಲಿ ನನಗಾಗಲಿ ತಿಳಿಯದ ಒಂದು ಸಂಗತಿಯಿತ್ತು. ಅದಕ್ಕೆ ಒಂದು ವರ್ಷ ಮುಂಚೆ ನಿಕ್ ಸ್ವಿಷರ್ ಎಂಬ ಆಟಗಾರ ಫ್ರೀ ಏಜೆಂಟನಾಗಿ ತಂಡ ಬಿಟ್ಟು ಹೋಗಿದ್ದ. ಅವನನ್ನು ಕಳೆದುಕೊಂಡುದಕ್ಕೆ ಪರಿಹಾರವಾಗಿ ತಂಡಕ್ಕೆ ಡ್ರಾಫ್ಟಿನಲ್ಲಿ ಒಂದು ಹೆಚ್ಚಿನ ಸರದಿ ದೊರೆತಿತ್ತು, 32ನೆಯದು. 2013ರ ಜೂನಿನಲ್ಲಿ ಆ ಸರದಿಯಿಂದ ಅವರು ಆರಿಸಿಕೊಂಡ ಕ್ಯಾಲಿಫೋರ್ನಿಯಾದ ಎತ್ತರದ ಹುಡುಗನೇ ಏರನ್ ಜಡ್ಜ್. ಅವನು 2017ರಲ್ಲಿ 52 ಹೋಮ್ ರನ್ ಹೊಡೆದ. 2022ರಲ್ಲಿ 62 ಹೊಡೆದು, 1961ರಿಂದ ನಿಂತಿದ್ದ ಅಮೆರಿಕನ್ ಲೀಗಿನ ದಾಖಲೆಯನ್ನು ಮುರಿದ. ಆ ಡಿಸೆಂಬರಿನಲ್ಲಿ ಅವನೂ ಫ್ರೀ ಏಜೆಂಟ್. ಹುಟ್ಟೂರಿನ ಕಡೆಯ ಸ್ಯಾನ್ ಫ್ರಾನ್ಸಿಸ್ಕೋ ತಂಡ ಕರೆಯುತ್ತಿತ್ತು.

ಒಂದು ಸಂಜೆ ಫೋನು ಬಂದಿತು. ಈ ಸಲ ಧ್ವನಿ ಕುಗ್ಗಿರಲಿಲ್ಲ.

“ಮಾವ, ಜಡ್ಜ್ ಉಳಿದುಕೊಂಡ! 36 ಕೋಟಿ ಡಾಲರು!”

“ಎಷ್ಟು ವರ್ಷಕ್ಕಪ್ಪ?”

“ಒಂಬತ್ತು.”

“ಈಗ ಅವನ ವಯಸ್ಸೆಷ್ಟು?”

“ಮೂವತ್ತು,” ಎಂದವನು ಸ್ವಲ್ಪ ಹೊತ್ತು ಸುಮ್ಮನಾದ. “ಆ ಲೆಕ್ಕವನ್ನು ನೀವು 2031ರಲ್ಲಿ ಕೇಳಿ ಮಾವ,” ಎಂದು ನಕ್ಕು ಫೋನು ಇಟ್ಟುಬಿಟ್ಟ.

ಜಡ್ಜ್ ಅದಾದ ಮೇಲೆಯೂ ಎರಡು ಸಲ, 2024ರಲ್ಲಿ ಮತ್ತು 2025ರಲ್ಲಿ, ಶ್ರೇಷ್ಠ ಆಟಗಾರನೆನಿಸಿದ. 2024ರಲ್ಲಿ ತಂಡ ಅಂತಿಮ ಪಂದ್ಯಮಾಲೆಗೂ ಏರಿ ಲಾಸ್ ಏಂಜಲೀಸಿಗೆ ಸೋತಿತು. ಆ ಚಳಿಗಾಲದಲ್ಲಿ ಯಾಂಕೀಸರ ಹುವಾನ್ ಸೋಟೋ ಹದಿನೈದು ವರ್ಷಕ್ಕೆ 76 ಕೋಟಿ 50 ಲಕ್ಷ ಡಾಲರು ಪಡೆದು ಅದೇ ನಗರದ ಮೆಟ್ಸ್ ತಂಡಕ್ಕೆ ಹೊರಟುಹೋದ. ಅಳಿಯನಿಂದ ಫೋನು ಬರಲಿಲ್ಲ. ಏನಾಯಿತೋ ಎಂದು ನಾನೇ ಮಾಡಿದೆ.

“ಅವನೇನು ನಮ್ಮವನಲ್ಲವಲ್ಲ ಮಾವ,” ಎಂದ. “ಬೇರೆಯವರಿಂದ ಬಂದವನು, ಒಂದು ವರ್ಷ ಇದ್ದ. ಅಮ್ಮ ಹೇಗಿದ್ದಾಳೆ?”