ಛಲದ ಕತೆ ಸಾಕು, ಕಲಿಯುವ ಜಾಗ ಎಲ್ಲಿದೆ ಹೇಳಿ

ಕಳೆದ ಡಿಸೆಂಬರಿನಲ್ಲಿ ಅಂಕೋಲೆ ಕಡೆಯ ಒಂದು ಹೈಸ್ಕೂಲಿಗೆ ನನ್ನನ್ನು ಕರೆದಿದ್ದರು. ಊರಿನ ಹುಡುಗಿ, ಪಿಎಚ್‌ಡಿ ಮಾಡುತ್ತಿದ್ದಾಳೆ, ಅದೂ ಕನ್ನಡದ ಜೀವನಚರಿತ್ರೆಗಳ ಮೇಲೆ. ಮಕ್ಕಳಿಗೆ ಯಾರಾದರೂ ಸಾಧಕರ ಕತೆ ಹೇಳಲಿ ಎಂಬುದು ಅವರ ಆಸೆ. ನಾನು ಬೆಂಗಳೂರಿನ ಪಿಸ್ತೂಲ್ ಶೂಟರ್ ಪ್ರಕಾಶ್ ನಂಜಪ್ಪ ಅವರನ್ನು ಆರಿಸಿಕೊಂಡೆ. ಹೇಳಲು ಬಲು ಸುಲಭವಾದ ಕತೆ ಅದು. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು. ಅದೇ ವರ್ಷ ಸ್ಪೇನಿನ ಗ್ರಾನಡಾಕ್ಕೆ ಸ್ಪರ್ಧೆಗೆಂದು ಹೋದಾಗ ಬೆಲ್ಸ್ ಪಾಲ್ಸಿ ಬಡಿದು ಮುಖದ ಬಲಭಾಗ ಸ್ವಾಧೀನ ತಪ್ಪಿತು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 198.2 ಅಂಕ, ಬೆಳ್ಳಿ ಪದಕ. ಛಲವೊಂದಿದ್ದರೆ ಸಾಕು ಮಕ್ಕಳೇ ಎಂದು ಮುಗಿಸಿದೆ. ಜೋರು ಚಪ್ಪಾಳೆ.

ಪ್ರಶ್ನೆ ಕೇಳಿ ಎಂದಾಗ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಅಕ್ಕೋರೆ, ಅದ್ನ ಕಲಿಸೂದು ಎಲ್ಲಿ?"

"ಬೆಂಗಳೂರಲ್ಲಿ" ಎಂದೆ. ಅವಳು "ಹೌದಾ" ಎಂದು ಕೂತುಬಿಟ್ಟಳು. ಅವಳ ಅಪ್ಪ ಬೋಟಿಗೆ ಹೋಗುವವರೆಂದು ಆಮೇಲೆ ತಿಳಿಯಿತು. ಬೆಂಗಳೂರು ಅವಳಿಗೆ ಒಂದಿಡೀ ರಾತ್ರಿಯ ಬಸ್ ಪ್ರಯಾಣದಷ್ಟು ದೂರ.

ಆವತ್ತಿನಿಂದ ನನಗೆ ನನ್ನ ಭಾಷಣದ ಬಗ್ಗೆ ನಾಚಿಕೆ. ನಾನು ಹೇಳಿದ ಒಂದೊಂದು ಸಂಗತಿಯೂ ನಿಜವೇ. ಆದರೆ ಒಟ್ಟು ಕತೆ ಸುಳ್ಳಾಗಿತ್ತು. ಕನ್ನಡದಲ್ಲಿ ಕ್ರೀಡಾಪಟುಗಳ ಬಗ್ಗೆ ನಾವು ಬರೆಯುವ ಹೆಚ್ಚಿನ ಕತೆಗಳು ಹೀಗೇ ಸುಳ್ಳಾಗುತ್ತವೆ ಎಂಬುದು ನನ್ನ ತಕರಾರು.

ಅದೇ ಜೀವನವನ್ನು ಇನ್ನೊಮ್ಮೆ ಹೇಳಿ ನೋಡೋಣ. ಪ್ರಕಾಶ್ ಅವರ ಅಪ್ಪ ಪಿ.ಎನ್. ಪಾಪಣ್ಣ ಸ್ವತಃ ರಾಷ್ಟ್ರಮಟ್ಟದ ಶೂಟರ್. ಎಂದರೆ ಮಗ ಗುರಿ ಹಿಡಿಯುವ ಮೊದಲೇ ಆ ಮನೆಯಲ್ಲಿ ಪಿಸ್ತೂಲಿತ್ತು, ರೇಂಜಿನ ದಾರಿ ಗೊತ್ತಿತ್ತು, ಕೈ ಎಲ್ಲಿ ನಡುಗಿತು ಎಂದು ನೋಡಿ ಹೇಳಬಲ್ಲ ಒಬ್ಬರಿದ್ದರು. ಇದೇನು ಮಹಾ ಎಂದು ಮಗ ಅಪ್ಪನ ಆಟವನ್ನು ಹಗುರವಾಗಿ ಆಡಿಕೊಂಡದ್ದು, ಹಾಗಾದರೆ ನೀನೇ ಹೊಡೆದು ತೋರಿಸು ಎಂದು ಅಪ್ಪ ಸವಾಲು ಹಾಕಿದ್ದು ಅನೇಕ ಕಡೆ ಬಂದಿದೆ. ಅಂಥ ಸವಾಲು ಹಾಕಬೇಕಾದರೂ ಮನೆಯಲ್ಲಿ ಪಿಸ್ತೂಲಿರಬೇಕು. ನಡುವೆ ಪ್ರಕಾಶ್ ಸಾಫ್ಟ್‌ವೇರ್ ಉದ್ಯೋಗಕ್ಕೆಂದು ಕೆಲವು ವರ್ಷ ಕೆನಡಾಕ್ಕೆ ಹೋದರು, ಆಟ ನಿಂತಿತು. ಅಪ್ಪನ ಒತ್ತಾಯದಿಂದ ಮರಳಿ ಬಂದು ಮತ್ತೆ ಹಿಡಿದರು. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ತಂಡದ ಕಂಚು, 2016ರಲ್ಲಿ 40ರ ವಯಸ್ಸಿಗೆ ರಿಯೊ ಒಲಿಂಪಿಕ್ಸ್, 2017ರಲ್ಲಿ ಅರ್ಜುನ ಪ್ರಶಸ್ತಿ. ಅಪ್ಪನ ಪಾಲನ್ನು ಪ್ರಕಾಶ್ ಎಲ್ಲೂ ಮುಚ್ಚಿಟ್ಟಿಲ್ಲ. ಮುಖದ ಪಾರ್ಶ್ವವಾಯುವನ್ನೇ ತಲೆಬರಹ ಮಾಡಿ ಉಳಿದದ್ದನ್ನು ಬಿಟ್ಟವರು ನಾವು, ಬರೆಯುವವರು.

ರಿಯೊದಲ್ಲಿ ಅವರು ಸ್ಪರ್ಧಿಸಿದ್ದು 50 ಮೀಟರ್ ಪಿಸ್ತೂಲಿನಲ್ಲಿ. ಸಿಕ್ಕಿದ್ದು 25ನೇ ಸ್ಥಾನ. ಆ ಒಲಿಂಪಿಕ್ಸ್ ಆದ ಮೇಲೆ ಆ ಸ್ಪರ್ಧೆಯನ್ನೇ ಒಲಿಂಪಿಕ್ಸ್‌ನಿಂದ ತೆಗೆದರು. ಮಿಶ್ರ ತಂಡಗಳಿಗೆ ಜಾಗ ಮಾಡಬೇಕಿತ್ತು. ಹೆಣ್ಣುಮಕ್ಕಳಿಗೆ ಅದರಿಂದ ಒಳ್ಳೆಯದೇ ಆಯಿತು, ನನ್ನ ಆಕ್ಷೇಪವಿಲ್ಲ. ಆದರೆ ವರ್ಷಗಟ್ಟಲೆ ಆ ದೂರಕ್ಕೆ ಕೈ ಪಳಗಿಸಿಕೊಂಡವರ ಪಾಲಿಗೆ ಒಂದು ಬಾಗಿಲು ಮುಚ್ಚಿತು. ಯಾವ ಛಲ ಅದನ್ನು ತಡೆಯಬಲ್ಲದು? ಯಾವುದೋ ಸಭೆ ಕೂತು ಮಾಡಿದ ತೀರ್ಮಾನ ಒಬ್ಬ ಆಟಗಾರನ ಬದುಕನ್ನು ತಿರುಗಿಸುತ್ತದೆ. ನಮ್ಮ ಸಾಧಕರ ಕತೆಗಳಲ್ಲಿ ಇಂಥ ಸಭೆಗಳೇ ಇರುವುದಿಲ್ಲ.

ಈ ಆಟದ ಒಳಗನ್ನೂ ಸ್ವಲ್ಪ ನೋಡಬೇಕು. 10 ಮೀಟರ್ ದೂರದಲ್ಲಿ ಒಂದು ಗುರಿ. ಅದರ ನಡುವಿನ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು, ಇನ್ನೊಂದು ಕೈಯ ಆಸರೆಯಿಲ್ಲದೆ, 60 ಸಲ ಹೊಡೆಯಬೇಕು. ಉಸಿರು, ಹೆಗಲು, ಬೆರಳು ಒಂದಾಗುವುದಕ್ಕೆ ಸಾವಿರಾರು ಸಲದ ರೂಢಿ ಬೇಕು. ಹಾಗೆ ರೂಢಿ ಮಾಡಲು ಜಾಗ, ಗುಂಡು, ತರಬೇತುದಾರರು ಬೇಕು. ಸ್ಪರ್ಧೆಗೆ ಒಗ್ಗುವ ಪಿಸ್ತೂಲು ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಇಟಲಿಗಳಿಂದ ಬರಬೇಕು. ಬೆಲೆ ಲಕ್ಷ ದಾಟುತ್ತದೆ. ಅದೂ ಕೆಡಬಹುದು. ಟೋಕಿಯೊದಲ್ಲಿ ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೈಕೊಟ್ಟು, ಬೆಲೆಬಾಳುವ ನಿಮಿಷಗಳು ಹೋದವು.

ಹಾಗಾಗಿ ನಮ್ಮ ದೇಶದಲ್ಲಿ ಈ ಆಟಕ್ಕೆ ಬಹುಕಾಲ ಎರಡೇ ದೊಡ್ಡ ಬಾಗಿಲು. ಒಂದು ಮನೆ, ಇನ್ನೊಂದು ಸೇನೆ. 2008ರಲ್ಲಿ ರೈಫಲಿನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರಿಗೆ ಮನೆಯಲ್ಲೇ ರೇಂಜಿತ್ತು. 2012ರಲ್ಲಿ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದ ವಿಜಯ್ ಕುಮಾರ್ ಭೂಸೇನೆಯವರು. ಜಿತು ರಾಯ್ ಗೂರ್ಖಾ ರೆಜಿಮೆಂಟಿನವರು. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಪಿಸ್ತೂಲಿನಲ್ಲಿ ಚಿನ್ನ ಗೆದ್ದ ಓಂಕಾರ್ ಸಿಂಗ್ ನೌಕಾಪಡೆಯವರು.

ನೌಕಾಪಡೆ ಎಂದಾಗ ಕಾರವಾರದವರು ಕಿವಿ ನಿಮಿರಿಸಬೇಕು. 1986ರಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ಅದಕ್ಕಾಗಿ ಕಾರವಾರ, ಅಂಕೋಲೆ ತಾಲೂಕುಗಳ ಸಾವಿರಾರು ಕುಟುಂಬಗಳು ಗದ್ದೆ, ಮನೆ, ಕಡಲದಂಡೆ ಬಿಟ್ಟು ಎದ್ದವು. ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ; ನಮ್ಮ ಮಕ್ಕಳು ಅದರೆದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಗುಡ್ಡದ ಕಡೆಯ ಮನೆಗಳಲ್ಲಿ ಕೋವಿಯೂ ಹೊಸದಲ್ಲ. ನಮ್ಮ ಅಜ್ಜನ ಬಳಿ ಬೆಳೆ ಕಾಯುವ ಪರವಾನಗಿಯ ಕೋವಿಯಿತ್ತು. ಚುನಾವಣೆ ಬಂತೆಂದರೆ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಕೊಟ್ಟು ಚೀಟಿ ತರಬೇಕು. ಆ ತಿಂಗಳುಗಳಲ್ಲಿ ಹಂದಿ, ಮಂಗಗಳದೇ ರಾಜ್ಯ. ಆಯುಧ ನಮ್ಮ ನೆಲದ ತುಂಬ ಇದೆ. ಅದು ಒಂದು ಮಗುವಿನ ಕೈಗೆ ಆಟವಾಗಿ ಬರುವ ದಾರಿ ಮಾತ್ರ ನಮ್ಮ ಮಾತಿನಲ್ಲೂ ಇಲ್ಲ, ಬರಹದಲ್ಲೂ ಇಲ್ಲ.

ಈ ಚಟ ಆಟದ ಕತೆಗಳಿಗಷ್ಟೇ ಅಂಟಿದ್ದಲ್ಲ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ಸ್ವೀಕರಿಸಿದರು. ಆ ಬರಿಗಾಲಿನ ಚಿತ್ರವನ್ನು ನಾವೆಲ್ಲ ಹಂಚಿಕೊಂಡೆವು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಅವರು ದಶಕಗಳ ಕಾಲ ದಿನಗೂಲಿಗೆ ದುಡಿದದ್ದನ್ನು ಎಷ್ಟು ಜನ ಬರೆದೆವು? ಬರಿಗಾಲನ್ನು ಹೊಗಳುವುದಕ್ಕೆ ಖರ್ಚಿಲ್ಲ. ಕೂಲಿಯ ಲೆಕ್ಕ ತೆಗೆದರೆ ಯಾರೋ ಉತ್ತರ ಕೊಡಬೇಕಾಗುತ್ತದೆ.

ಶೂಟರ್ ಅಪ್ಪಂದಿರ ಮಕ್ಕಳೆಲ್ಲ ಗ್ಲಾಸ್ಗೋಕ್ಕೆ ಹೋದರೇ, ಕೊನೆಗೆ ಗುಂಡು ಹೊಡೆದದ್ದು ಪ್ರಕಾಶ್ ತಾನೇ ಎಂದು ನನ್ನ ಸ್ನೇಹಿತನೊಬ್ಬ ಜಗಳಕ್ಕೆ ಬಂದ. ಹೌದು, ಅವರೇ. ಮುಖದ ಅರ್ಧಭಾಗ ಮಾತು ಕೇಳದ ಹೊತ್ತಿನಲ್ಲಿ ಮತ್ತೆ ಗುರಿ ಹಿಡಿಯುವುದು ನನ್ನಿಂದಾಗದು, ಅವನಿಂದಲೂ ಆಗದು. ಅವರ ಛಲಕ್ಕೆ ನನ್ನ ನಮಸ್ಕಾರ. ಆದರೆ ಅಪ್ಪ, ಪಿಸ್ತೂಲು, ರೇಂಜು ಎಲ್ಲವನ್ನೂ ಅಳಿಸಿ ಛಲವೊಂದನ್ನೇ ಉಳಿಸಿದರೆ, ಎರಡನೇ ಸಾಲಿನ ಹುಡುಗಿಗೆ ನಾವು ಹೇಳಿದಂತಾಗುವುದು ಇಷ್ಟೇ: ನೀನು ಶೂಟರ್ ಆಗದಿದ್ದರೆ ಅದು ನಿನ್ನ ಛಲದ ಕೊರತೆ. ಅವಳಿಗೆ ಹೀಗೆ ಹೇಳುವುದು ಅನ್ಯಾಯ.

ನಾವು ಬರೆಯುವವರು ಇನ್ನು ಮೇಲೆ ಯಾವ ಚಾಂಪಿಯನ್ ಬಗ್ಗೆ ಬರೆದರೂ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿಯೇ ಬರೆಯೋಣ. ಎಲ್ಲಿ ಕಲಿತರು? ಯಾರ ದುಡ್ಡು? ಅದೇ ಊರಿನ ಇನ್ನೊಂದು ಮಗುವಿಗೆ ಅದು ಸಿಗುತ್ತದೆಯೇ?

ಏರ್ ಪಿಸ್ತೂಲಿಗೆ ದೊಡ್ಡ ಮೈದಾನವೇನೂ ಬೇಡ. ಉದ್ದನೆಯ ಕೋಣೆ, ಒಳ್ಳೆಯ ಬೆಳಕು, ಗುರಿಯ ಹಿಂದೆ ಗುಂಡು ತಡೆಯುವ ಗಟ್ಟಿ ಗೋಡೆ, ಕಾಯುವುದಕ್ಕೂ ಕಲಿಸುವುದಕ್ಕೂ ಬಲ್ಲವರೊಬ್ಬರು. ಜಿಲ್ಲೆಗೊಂದು ಅಂಥ ಕೋಣೆ, ಶಾಲೆಯ ಮಕ್ಕಳ ಕೈಗೆ ಸರದಿಯಂತೆ ಸಿಗುವ ನಾಲ್ಕು ಪಿಸ್ತೂಲು. ನೆಲ ಬಿಟ್ಟುಕೊಟ್ಟ ತಾಲೂಕುಗಳು ಇಷ್ಟು ಕೇಳಿದರೆ ಹೆಚ್ಚಾಗುವುದಿಲ್ಲ.

ಆ ಶಾಲೆಗೆ ಮತ್ತೆ ಹೋಗಬೇಕೆಂದಿದ್ದೇನೆ. ಈ ಸಲ ಪಾಪಣ್ಣನವರಿಂದ ಕತೆ ಶುರುಮಾಡುತ್ತೇನೆ. ಅವಳು ಮತ್ತೆ ಅದನ್ನೇ ಕೇಳಿದರೆ, ಇಲ್ಲಿ ಇರಬೇಕಿತ್ತು, ಇನ್ನೂ ಮಾಡಿಲ್ಲ ಎಂದು ಹೇಳುತ್ತೇನೆ.