ಯಾರ ಉಪ್ಪುಂಡು ಬರೆದ?

ವಿದ್ಯಾರ್ಥಿಗಳ ಕೈಗೆ ನಿಷ್ಪಕ್ಷಪಾತವಾದ ಪುಸ್ತಕವನ್ನೇ ಕೊಡಬೇಕೆಂದು ನಮ್ಮ ಮಹನೀಯರು ಉಪದೇಶಿಸುತ್ತಾರೆ. ಅಂಥ ಪುಸ್ತಕ ಎಲ್ಲಿ ಸಿಕ್ಕುತ್ತದೆಂದು ಮಾತ್ರ ಹೇಳರು. ಬರೆದವನ ಒಲವನ್ನು ಗುರುತಿಸಲು ಕಲಿಸದ ಪಾಠ ಪಾಠವೇ ಅಲ್ಲವೆಂದು ನಾನು ಹೇಳುತ್ತೇನೆ.

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸತ್ತ. ಒಬ್ಬ 'ಹತನಾದ' ಎಂದು ಬರೆದರೆ ಇನ್ನೊಬ್ಬ 'ಹುತಾತ್ಮನಾದ' ಎನ್ನುತ್ತಾನೆ. ಘಟನೆ ಒಂದೇ, ಒಲವು ಅಡಗಿರುವುದು ಕ್ರಿಯಾಪದದಲ್ಲಿ.

1810ರಿಂದ 1817ರೊಳಗೆ ಮೂರು ಸಂಪುಟಗಳಲ್ಲಿ ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಕಂಪೆನಿಯ ಸೇನಾಧಿಕಾರಿ. ಮೈಸೂರಿನಲ್ಲಿ ಅದರ ರೆಸಿಡೆಂಟನಾಗಿದ್ದವನು. ಪಾರ್ಸಿಯಲ್ಲಿ ಬರೆದ ಕಿರ್ಮಾನಿ ಹೈದರ್-ಟಿಪ್ಪುಗಳ ಆಶ್ರಯದಲ್ಲಿದ್ದವನು. ಹಾಗೆಂದು ಇಬ್ಬರನ್ನೂ ತಿಪ್ಪೆಗೆ ಎಸೆಯಬೇಕೆ? ಅದು ಸೋಮಾರಿಗಳ ಮಾರ್ಗ. ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿಸಬೇಕು. ಯಾರ ಉಪ್ಪುಂಡು ಬರೆದ? ಯಾರಿಗೆ ಯಾವ ವಿಶೇಷಣ ಅಂಟಿಸಿದ? ಏನನ್ನು ಹೇಳದೆ ಬಿಟ್ಟ? ಹಗೆಯೂ ಒಪ್ಪಿದ ಗುಣ, ಆಶ್ರಿತನೂ ಮುಚ್ಚಲಾರದ ದೋಷ: ಇವಕ್ಕೆ ಹೆಚ್ಚು ಬೆಲೆಯೆಂದು ಹುಡುಗರು ತಾವೇ ಕಂಡುಕೊಳ್ಳುತ್ತಾರೆ.

ನಮ್ಮ ಪರೀಕ್ಷೆಗಳು ಕೇಳುವುದು ಟಿಪ್ಪುವಿನ ಗುಣದೋಷಗಳನ್ನು. ಒಮ್ಮೆ ವಿಲ್ಕ್ಸನ ಗುಣದೋಷಗಳನ್ನು ಕೇಳಿನೋಡಲಿ. ಬಾಯಿಪಾಠದ ಉತ್ತರ ಅಲ್ಲಿಗೆ ನಿಲ್ಲುತ್ತದೆ. ಓದು ಅಲ್ಲಿಂದ ಮೊದಲಾಗುತ್ತದೆ.